ಮನೆ ಹಿಂದಿನ ಕಾಡಲ್ಲಿ ಕೊಂಬೆ ರಾಶಿ: ಯಾಕೆ ಹಾಗೇ ಬಿಟ್ಟಿದ್ದಾರೆ?

ಪ್ರಶ್ನೆ: ಸರ್, ನಾವಿರುವುದು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ತಪ್ಪಲಲ್ಲಿ. ಬೇಲಿ ದಾಟಿದರೆ ನ್ಯಾಷನಲ್ ಫಾರೆಸ್ಟ್, ಅಂದರೆ ಕೇಂದ್ರ ಸರ್ಕಾರದ ಕಾಡು. ಹೋದ ವರ್ಷ ಕೆಲಸದವರು ಬಂದು ಬರೀ ಸಣ್ಣ ಮರ ಕಡಿದು, ರಾಶಿ ಹಾಕಿ ಹೋದರು. ರಾಶಿಗಳು ಇನ್ನೂ ಅಲ್ಲೇ ಒಣಗುತ್ತಿವೆ. ಇದು ಬೆಂಕಿ ತಡೆಯುವ ಕೆಲಸವೋ, ಬೆಂಕಿಗೆ ಸೌದೆ ಒಟ್ಟುವ ಕೆಲಸವೋ? ದೊಡ್ಡ ಮರ ಯಾಕೆ ಮುಟ್ಟಲಿಲ್ಲ?

ಉತ್ತರ: ದೊಡ್ಡ ಮರ ಬಿಟ್ಟಿದ್ದೇ ಒಳ್ಳೆಯದಾಯಿತು. ಹಳೇ ಪಾಂಡೆರೋಸಾ ಪೈನ್‌ಗೆ ತೊಗಟೆ ದಪ್ಪ, ಕೆಳಗಿನ ಕೊಂಬೆಗಳು ತಾವೇ ಉದುರಿರುತ್ತವೆ. ನೆಲದ ಬೆಂಕಿ ಅದರ ಬುಡ ಸವರಿಕೊಂಡು ಹೋಗುತ್ತದೆ ಅಷ್ಟೆ. ಅಪಾಯ ಇರುವುದು ಅಡಿಯಲ್ಲಿ ಒತ್ತೊತ್ತಾಗಿ ಬೆಳೆದ ಎಳೆ ಮರಗಳಲ್ಲಿ. ಬೆಂಕಿಗೆ ಅವೇ ಏಣಿ. ಒಮ್ಮೆ ನೆತ್ತಿಗೆ ಹತ್ತಿತೋ, ಆಮೇಲೆ ಯಾರ ಕೈಗೂ ಸಿಗುವುದಿಲ್ಲ.

ಮೊದಲು ಸಿಡಿಲಿನಿಂದಲೋ ಮೂಲನಿವಾಸಿಗಳು ಹಚ್ಚಿದ್ದರಿಂದಲೋ ಆಗಾಗ ಸಣ್ಣ ಬೆಂಕಿ ಬಿದ್ದು ಈ ಸಸಿಗಳು ಸಾಯುತ್ತಿದ್ದವು. 1910ರ ಮಹಾ ಕಾಡ್ಗಿಚ್ಚಿನ ನಂತರ, ಈ ಕಾಡುಗಳನ್ನು ನೋಡಿಕೊಳ್ಳುವ ಅಮೆರಿಕದ ಇಲಾಖೆಯಾದ ಅರಣ್ಯ ಸೇವೆ ಎಲ್ಲ ಬೆಂಕಿಯನ್ನೂ ಆರಿಸುವ ಹಟಕ್ಕೆ ಬಿತ್ತು. 1935ರಲ್ಲಂತೂ ಕಂಡ ಬೆಂಕಿಯನ್ನು ಮರುದಿನ ಬೆಳಿಗ್ಗೆ 10ರೊಳಗೆ ಹತೋಟಿಗೆ ತರಬೇಕೆಂದೇ ನಿಯಮ ಮಾಡಿತು. ಈಗ ಕಡಿಯುತ್ತಿರುವುದು ಆ ಹಟದ ಬೆಳೆಯನ್ನು.

ಇನ್ನು ರಾಶಿ. ಹಸಿ ಕೊಂಬೆ ಸುಟ್ಟರೆ ಬರೀ ಹೊಗೆ. ಒಣಗಲು ಬಿಟ್ಟು, ಮಳೆಯೋ ಹಿಮವೋ ಬಿದ್ದ ಮೇಲೆ ಸುಡುತ್ತಾರೆ. ಹವೆ, ಹೊಗೆಯ ಪರವಾನಗಿ, ಸಿಬ್ಬಂದಿ ಮೂರೂ ಒಂದೇ ದಿನ ಕೂಡಿಬರಬೇಕು, ಹಾಗಾಗಿ ತಡ. ಆದರೆ ನಿಮ್ಮ ಅನುಮಾನ ಸುಮ್ನೆ ಅಲ್ಲ. ನಡುವೆ ಬೇಸಿಗೆಯಲ್ಲಿ ಬೆಂಕಿ ಬಂದರೆ ಆ ರಾಶಿಗಳೇ ಉರಿಯನ್ನು ಜಾಸ್ತಿ ಮಾಡುತ್ತವೆ. ಕಡಿದ ಎಕರೆಗಳನ್ನೇ ‘ಕೆಲಸ ಮುಗಿದಿದೆ’ ಎಂದು ಲೆಕ್ಕ ಬರೆಯುವುದು ನನಗೆ ಒಪ್ಪಿಗೆಯಿಲ್ಲ. ರಾಶಿ ಯಾವಾಗ ಸುಡುತ್ತೀರಿ ಎಂದು ರೇಂಜರ್ ಕಚೇರಿಗೆ ಬರೆದು ಕೇಳಿ.

ಇನ್ನೊಬ್ಬರು: ಹಿಮ ಇರುವಾಗ ಸುಟ್ಟರೆ ಭಯ ಇಲ್ಲ ಅಲ್ವಾ?

ಉತ್ತರ: ಕಡಿಮೆ, ಆದರೆ ಇದೆ. ನ್ಯೂ ಮೆಕ್ಸಿಕೊದಲ್ಲಿ 2022ರ ಜನವರಿಯಲ್ಲಿ ಸುಟ್ಟ ರಾಶಿಯ ಕೆಂಡ ಹಿಮದಡಿ ಉಳಿದು, ಏಪ್ರಿಲ್‌ನಲ್ಲಿ ಮತ್ತೆ ಎದ್ದಿತು. ಅದೇ ಕಾಫ್ ಕ್ಯಾನ್ಯನ್ ಬೆಂಕಿ. ಪಕ್ಕದಲ್ಲಿ ಕಾಡಿನ ಒಣಕಸ ಕಡಿಮೆ ಮಾಡಲೆಂದು ಇಲಾಖೆಯೇ ಹಚ್ಚಿ ಕೈತಪ್ಪಿದ ಹರ್ಮಿಟ್ಸ್ ಪೀಕ್ ಬೆಂಕಿಯೊಂದಿಗೆ ಸೇರಿ ಸುಮಾರು 3.41 ಲಕ್ಷ ಎಕರೆ ಸುಟ್ಟಿತು. ಅರಣ್ಯ ಸೇವೆ 90 ದಿನ ದೇಶದಾದ್ಯಂತ ತಾನೇ ಬೆಂಕಿ ಹಚ್ಚುವ ಇಂಥ ಕೆಲಸ ನಿಲ್ಲಿಸಿ ಪರಿಶೀಲಿಸಿತು. ಹಾಗಂತ ಸುಡುವುದೇ ಬೇಡ ಅನ್ನಲಾರೆ. ಬೂದಿ ಕೆದಕಿ, ಒಳಗೆ ಬಿಸಿ ಉಳಿದಿಲ್ಲವೆಂದು ಮತ್ತೆ ಮತ್ತೆ ನೋಡಬೇಕು, ಬೇಸರವಾದರೂ.

ಪ್ರಶ್ನೆ: ಸುಟ್ಟಾದ ಮೇಲೆ ನಮ್ಮ ಮನೆ ಸೇಫಾ ಸರ್?

ಉತ್ತರ: ಅದರಿಂದಲೇ ಆಗುವುದಿಲ್ಲ. ಮನೆಗಳು ಹೆಚ್ಚಾಗಿ ಹೊತ್ತುವುದು ದೂರದಿಂದ ಹಾರಿಬರುವ ಕಿಡಿಗಳಿಂದ. 2018ರಲ್ಲಿ ಪ್ಯಾರಡೈಸ್ ಊರನ್ನು ಸುಟ್ಟ ಕ್ಯಾಂಪ್ ಫೈರ್‌ನಲ್ಲಿ 85 ಜನ ಸತ್ತರು, 18,000ಕ್ಕೂ ಹೆಚ್ಚು ಕಟ್ಟಡ ಹೋದವು. ಎಷ್ಟೋ ಕಡೆ ಮನೆ ಬೂದಿಯಾಗಿತ್ತು, ಪಕ್ಕದ ಮರ ಹಸಿರಾಗೇ ನಿಂತಿತ್ತು.

ಗೋಡೆಯಿಂದ 5 ಅಡಿಯೊಳಗೆ ಹೊತ್ತುವಂಥದ್ದೇನೂ ಬೇಡ, ಗಿಡವೂ ಬೇಡ. ಸೂರಿನಂಚಿನ ಮಳೆನೀರಿನ ಗಟರಿನಲ್ಲಿರುವ ಪೈನ್ ಎಲೆ ತೆಗೆಯಿರಿ. ಅಟ್ಟದ ಗಾಳಿಕಿಂಡಿಗೆ 3 ಮಿಲಿಮೀಟರಿನ ಸಣ್ಣ ಕಣ್ಣಿನ ಲೋಹದ ಜಾಲರಿ ಹಾಕಿಸಿ. ಡೆಕ್ (ಮನೆಗೆ ಅಂಟಿದ ಹಲಗೆಯ ಜಗಲಿ) ಕೆಳಗೆ ಸೌದೆ ಇಟ್ಟಿಲ್ಲ ತಾನೆ?

ಪ್ರಶ್ನೆ: ಇಟ್ಟಿದ್ದೀವಿ ಸರ್. ಇವತ್ತೇ ತೆಗೆಸುತ್ತೇನೆ.