ವಕೀಲಕಿ ಬಿಟ್ಟು ಸಣ್ಣ ಪಾರ್ಟಿ ಟಿಕೆಟ್ ತಗೋಬೇಕಾ?

ಪ್ರಶ್ನೆ: ಹುಬ್ಬಳ್ಳಿ ಕೋರ್ಟಿನಾಗ ಪ್ರಾಕ್ಟೀಸ್ ಮಾಡೋ ನಮ್ಮ ಕಾಕಾಗ ಒಂದು ಸಣ್ಣ ಪಾರ್ಟಿಯವ್ರು ಎಮ್ಮೆಲ್ಲೆ ಟಿಕೆಟ್ ಕೊಡ್ತೀವಿ ಅಂತ ಬೆನ್ನ ಹತ್ಯಾರ, ಕಾಕು ಬ್ಯಾಡೇ ಬ್ಯಾಡ ಅಂತಾಳ, ಮನ್ಯಾಗ ದಿನಾ ಜಗಳ. ಗೆದ್ರ ವಕೀಲಕಿ ಬಿಡಬೇಕೇನ್ರಿ?

ಪೇಢಾಪ್ರಿಯ: ಬಿಡಬೇಕಿಲ್ರಿ. ಎಮ್ಮೆಲ್ಲೆ ಆದವ್ರು ಕರಿ ಕೋಟು ಹಾಕ್ಕೊಂಡು ವಾದ ಮಾಡಬಹುದು ಅಂತ 2018ರಾಗ ಸುಪ್ರೀಂ ಕೋರ್ಟೇ ಹೇಳೇತಿ. ಮೊದ್ಲ ಡಿಪಾಸಿಟ್ ನೋಡ್ರಿ, ಜನರಲ್ ಆದ್ರ 10,000, ಬಿದ್ದ ವೋಟಿನಾಗ ಆರನೇ ಒಂದು ಪಾಲು ದಾಟಲಿಲ್ಲಂದ್ರ ಹೋತು.

ಉಣಕಲ್ ಹುಡುಗ: ಎಸ್.ಆರ್. ಬೊಮ್ಮಾಯಿನೂ ಹುಬ್ಬಳ್ಳಿ ವಕೀಲ್ರೇ, ಮಾನವತಾವಾದಿ ಚಿಂತಕ ಎಂ.ಎನ್. ರಾಯ್ ವಿಚಾರದಿಂದ ಬಂದವ್ರು (ಅವ್ರ ಜನತಾ ದಳ ಆಗ ಸಣ್ಣದಿರಲಿಲ್ಲ ಬಿಡ್ರಿ). 1988ರಾಗ ಸಿಎಂ ಆದ್ರು, 1989ರ ಏಪ್ರಿಲ್‌ನಾಗ ಸರ್ಕಾರ ವಜಾ, ಸದನದಾಗ ಬಹುಮತ ತೋರಸ್ತೀನಿ ಅಂದ್ರೂ ಗವರ್ನರ್ ಕೇಳಲಿಲ್ಲ. 1994ರಾಗ ಸುಪ್ರೀಂ ಕೋರ್ಟಿನಾಗ ಒಂಬತ್ತು ಜಡ್ಜ್ ಕೂತು ಬಹುಮತ ಸದನದಾಗೇ ತೀರ್ಮಾನ ಆಗ್ಬೇಕು ಅಂದ್ರು, ಆದ್ರ ಕುರ್ಚಿ ವಾಪಸ್ ಬರಲಿಲ್ಲ. ಇವತ್ತಿಗೂ ಲಾ ಹುಡುಗ್ರು ಓದೋದು ಅವ್ರ ಹೆಸರಿನ ಕೇಸ್‌ನ.

ಗದಗಿನಂವ: ಆ ಪಾರ್ಟಿಗೆ ಚುನಾವಣಾ ಆಯೋಗದ ಮಾನ್ಯತೆ ಐತೇನು ಕೇಳ್ರಿ ಮೊದ್ಲ. ಇಲ್ಲಂದ್ರ ನಾಮಪತ್ರಕ್ಕ ಕ್ಷೇತ್ರದ 10 ಮತದಾರರ ಸಹಿ ಬೇಕು, ಮಾನ್ಯತೆ ಇದ್ರ ಒಬ್ಬರದ್ದು ಸಾಕು. ಬ್ಯಾಟೋ ಸಿಲಿಂಡರೋ ಯಾವ ಚಿಹ್ನೆ ಸಿಗ್ತದ ಅಂತ ಕಡೀಕ ಗೊತ್ತಾಗೋದು, ಅಷ್ಟರಾಗ ಅದನ್ನ ಮಂದಿಗೆ ಮುಟ್ಸೋದು ಭಾಳ ಕಷ್ಟ ಐತಿ. ಕಾಕು ಹೇಳೋದು ಖರೇ ಅನಸ್ತದ ನನಗ.