ಯುಆರ್‌ಎಲ್ ಒಂದು ಹೇಳುತ್ತೆ, ಸ್ಟೋರ್ ಇನ್ನೊಂದು: ರೂಟಿಂಗ್ ಪ್ರಶ್ನೋತ್ತರ

ಅಡ್ಮಿನ್: ಇವತ್ತು ವೆಬ್ ಆ್ಯಪ್‌ಗಳ ರೂಟಿಂಗ್ (ಯಾವ ವಿಳಾಸಕ್ಕೆ ಯಾವ ಪುಟ) ಮತ್ತು ಸ್ಟೇಟ್ (ಆ್ಯಪ್ ಸದ್ಯ ನೆನಪಿಟ್ಟಿರುವ ಮಾಹಿತಿ). ಪ್ರಶ್ನೆಗಳನ್ನು ಇದರ ಕೆಳಗೇ ಹಾಕಿ, ಮೇಡಂ ಉತ್ತರಿಸುತ್ತಾರೆ.

ಹೊಸಬ: ಮೇಡಂ, ಲಿಂಕ್ ಒತ್ತಿದರೆ ಪುಟ ಬರುತ್ತೆ. ಅಲ್ಲೇ ರಿಫ್ರೆಶ್ ಮಾಡಿದರೆ 404. ಯಾಕೆ?

ಮೇಡಂ: ಲಿಂಕ್ ಒತ್ತಿದಾಗ ಆ್ಯಪ್‌ನ ರೂಟರ್ ಕೋಡ್ ಬ್ರೌಸರಿನೊಳಗೇ ಪುಟ ಬದಲಿಸುತ್ತೆ. ರಿಫ್ರೆಶ್ ಮಾಡಿದರೆ ಆ ಪಾತ್ ಸರ್ವರಿಗೆ ಹೋಗುತ್ತೆ, ಅಲ್ಲಿ ಅಂಥ ಫೈಲೇ ಇಲ್ಲ. ಫೈಲ್ ಸಿಗದಿದ್ದರೆ ಇಂಡೆಕ್ಸ್ ಪುಟ ಕೊಡುವಂತೆ ಸರ್ವರ್ ಹೊಂದಿಸಿ. ಎಪಿಐ (ಡೇಟಾ ಕೊಡುವ) ಪಾತ್‌ಗಳನ್ನು ಇದರಿಂದ ಹೊರಗಿಡಿ.

ರಾತ್ರಿಪಾಳಿ: ನನ್ನದು ರಿಯಾಕ್ಟ್ (ಜಾವಾಸ್ಕ್ರಿಪ್ಟ್ ಲೈಬ್ರರಿ) ಆ್ಯಪ್. ಪಟ್ಟಿಯ ಪುಟದ ಸಂಖ್ಯೆ ಸ್ಟೋರ್‌ನಲ್ಲೂ (ಆ್ಯಪ್ ಸ್ಟೇಟ್ ಇಡುವ ಜಾಗ) ಇದೆ, ಯುಆರ್‌ಎಲ್‌ನಲ್ಲೂ ಇದೆ. ಒಂದು ಎಫೆಕ್ಟ್ (ರೆಂಡರ್, ಅಂದರೆ ಪುಟ ಚಿತ್ರಿಸುವುದು, ಆದಮೇಲೆ ಓಡುವ ಕೋಡ್) ಯುಆರ್‌ಎಲ್ ನೋಡಿ ಸ್ಟೋರ್ ಬದಲಿಸುತ್ತೆ, ಇನ್ನೊಂದು ಎರಡನ್ನೂ ಹೋಲಿಸಿ ಸ್ಟೋರ್‌ನದ್ದನ್ನು ಯುಆರ್‌ಎಲ್‌ಗೆ ಪುಶ್ ಮಾಡುತ್ತೆ (ಹೊಸ ಹಿಸ್ಟರಿ ಎಂಟ್ರಿಯಾಗಿ ಸೇರಿಸುತ್ತೆ). ಎರಡನೇ ಪುಟದಿಂದ ಬ್ಯಾಕ್ ಒತ್ತಿದರೆ ಮೇಲೆ ವಿಳಾಸದಲ್ಲಿ 1, 2, 1, 2 ಅಂತ ಮಿಟುಕುತ್ತೆ. ಸಫಾರಿಯಲ್ಲಿ ಸೆಕ್ಯುರಿಟಿ ಎರರ್ ಬಂದು ನಿಲ್ಲುತ್ತೆ.

ಕೋಡ್‌ಗಾರ: ಇದಕ್ಕೆ ಒಂದು ಫಾರ್ವರ್ಡ್ ಮೆಸೇಜ್ ಬಂದಿತ್ತು. ಎರಡನೇ ಎಫೆಕ್ಟ್‌ಗೆ ಸೆಟ್‌ಟೈಮ್‌ಔಟ್ (ಟೈಮರ್) ಸೊನ್ನೆ ಹಾಕಿ, ಜೊತೆಗೆ ‘ಮೊದಲ ರೆಂಡರ್’ ಫ್ಲ್ಯಾಗ್ (ಗುರುತು) ಇಡಿ. ಸರಿಹೋಗುತ್ತೆ.

ಮೇಡಂ: ದಯವಿಟ್ಟು ಅದನ್ನು ಹಾಕಬೇಡಿ. ಈ ತಪ್ಪು ಆಗುವುದು ಮೊದಲ ರೆಂಡರ್‌ನಲ್ಲಲ್ಲ, ಬ್ಯಾಕ್ ಒತ್ತಿದಾಗ. ಫ್ಲ್ಯಾಗ್ ಅಲ್ಲಿ ಕೆಲಸಕ್ಕೇ ಬರುವುದಿಲ್ಲ. ಟೈಮರ್ ಓಡುವಾಗಲೂ ಅದರ ಕೈಯಲ್ಲಿರುವುದು ಹಳೇ ರೆಂಡರಿನ ಬೆಲೆಯೇ (ವ್ಯಾಲ್ಯೂ).

ರಾತ್ರಿಪಾಳಿ, ನಡೆಯುವುದನ್ನು ಒಂದೊಂದಾಗಿ ನೋಡಿ. ಬ್ಯಾಕ್ ಒತ್ತಿದಿರಿ: ಯುಆರ್‌ಎಲ್ 1, ಸ್ಟೋರ್ ಇನ್ನೂ 2. ಒಂದೇ ರೆಂಡರ್ ಆದಮೇಲೆ ಎರಡೂ ಎಫೆಕ್ಟ್ ಓಡುತ್ತವೆ. ಮೊದಲನೆಯದು ಸ್ಟೋರ್‌ಗೆ 1 ಕಳಿಸುತ್ತೆ. ಎರಡನೆಯದರ ಕೈಯಲ್ಲಿ ಹಳೆಯ 2 ಇದೆ, ಯುಆರ್‌ಎಲ್‌ಗೆ 2 ಪುಶ್ ಮಾಡುತ್ತೆ. ಮುಂದಿನ ರೆಂಡರ್‌ನಲ್ಲಿ ಸ್ಟೋರ್ 1, ಯುಆರ್‌ಎಲ್ 2. ಅದಲುಬದಲು, ಮತ್ತೆ ಅದೇ ಕಥೆ. ಕಡಿಮೆ ಹೊತ್ತಿನಲ್ಲಿ 100ಕ್ಕಿಂತ ಹೆಚ್ಚು ಸಲ ಪುಶ್ ಮಾಡಿದರೆ ಸಫಾರಿ ಎರರ್ ಎಸೆಯುತ್ತೆ. ನಿಮಗೆ ಕಂಡದ್ದು ಅದು. ಸದ್ದಿಲ್ಲದೆ ಆಗುವ ಇನ್ನೊಂದು ನಷ್ಟವೂ ಇದೆ: ಬ್ಯಾಕ್ ಹೋದಮೇಲೆ ಪುಶ್ ಆದರೆ ಫಾರ್ವರ್ಡ್ ಹಿಸ್ಟರಿ ಅಳಿಸಿಹೋಗುತ್ತೆ.

ಒಂದು ಸಂಗತಿಗೆ ಒಬ್ಬನೇ ಒಡೆಯ ಇರಬೇಕು. ಇಲ್ಲಿ ಅದು ಯುಆರ್‌ಎಲ್. ಸ್ಟೋರ್‌ನಿಂದ ಪುಟಸಂಖ್ಯೆ, ಫಿಲ್ಟರ್, ಸಾರ್ಟ್ ತೆಗೆಯಿರಿ, ಎರಡೂ ಎಫೆಕ್ಟ್ ಅಳಿಸಿ. ಓದಲು ಒಂದು ಫಂಕ್ಷನ್, ಬರೆಯಲು ಒಂದು. ಕ್ವೆರಿಯಲ್ಲಿ (ಯುಆರ್‌ಎಲ್‌ನ ‘?’ ನಂತರದ ಭಾಗ) ಸಿಗುವುದೆಲ್ಲ ಸ್ಟ್ರಿಂಗ್ (ಬರೀ ಪಠ್ಯ): ‘ಫಾಲ್ಸ್’ ಎಂಬ ಸ್ಟ್ರಿಂಗ್ ಕೂಡ ಟ್ರೂ ಅಂತಲೇ ಲೆಕ್ಕ. ಹಾಗಾಗಿ ಓದುವಾಗಲೇ ಸಂಖ್ಯೆ, ಬೂಲಿಯನ್ (ಟ್ರೂ ಅಥವಾ ಫಾಲ್ಸ್) ಮಾಡಿ, ಕೆಟ್ಟ ಬೆಲೆಗೆ ಡೀಫಾಲ್ಟ್ ಕೊಡಿ. ಬರೆಯುವಾಗ ಡೀಫಾಲ್ಟ್ ಬೆಲೆ ಬಿಟ್ಟುಬಿಡಿ, ಕೀಗಳನ್ನು ಸಾರ್ಟ್ ಮಾಡಿ. ಇಲ್ಲದಿದ್ದರೆ ಒಂದೇ ಸ್ಥಿತಿಗೆ ನಾಲ್ಕು ವಿಳಾಸ ಹುಟ್ಟುತ್ತವೆ. ಫಿಲ್ಟರ್ ಬದಲಾದರೆ ಪುಟವನ್ನು 1ಕ್ಕೆ ತನ್ನಿ, ಎರಡೂ ಒಂದೇ ಪುಶ್‌ನಲ್ಲಿ.

ರಾತ್ರಿಪಾಳಿ: ಸರ್ಚ್ ಬಾಕ್ಸ್? ಪ್ರತಿ ಅಕ್ಷರಕ್ಕೂ ಪುಶ್ ಆಗುತ್ತಲ್ಲ?

ಮೇಡಂ: ಟೈಪ್ ಮಾಡುತ್ತಿರುವ ಪಠ್ಯ ಕಾಂಪೊನೆಂಟಿನ ಲೋಕಲ್ ಸ್ಟೇಟ್‌ನಲ್ಲೇ ಇರಲಿ. 300 ಮಿಲಿಸೆಕೆಂಡ್ ಸುಮ್ಮನಾದ ಮೇಲೆ ಯುಆರ್‌ಎಲ್ ಅನ್ನು ರಿಪ್ಲೇಸ್ ಮಾಡಿ (ಹೊಸ ಹಿಸ್ಟರಿ ಎಂಟ್ರಿ ಸೇರಿಸದೆ ಈಗಿನದನ್ನೇ ಬದಲಿಸುವುದು). ಹಳೇ ಫೆಚ್ ಅನ್ನು (ಸರ್ವರಿಗೆ ಕಳಿಸಿದ ಕೋರಿಕೆ) ಅಬಾರ್ಟ್ ಮಾಡಿ, ಇಲ್ಲದಿದ್ದರೆ ತಡವಾಗಿ ಬಂದ ಹಳೇ ಉತ್ತರ ಹೊಸದರ ಮೇಲೆ ಕೂರುತ್ತೆ.

ಸಾಲುಮನೆ: ರಿಫ್ರೆಶ್ ಮಾಡಿದರೆ 404 ಬರ್ತಿದೆ, ಯಾರಾದರೂ ಹೇಳಿ.

ಮೇಡಂ: ಮೊದಲ ಉತ್ತರ ಓದಿ.

ಕೋಡ್‌ಗಾರ: ಎಲ್ಲವನ್ನೂ ಯುಆರ್‌ಎಲ್‌ಗೆ ಹಾಕಿದರೆ ರಿಡಕ್ಸ್ (ಸ್ಟೋರ್ ಲೈಬ್ರರಿ) ಯಾಕೆ ಬೇಕು? ಡಿಬಗ್ ಮಾಡುವಾಗ ಹಿಂದಿನ ಸ್ಟೇಟ್‌ಗೆ ಹೋಗಲು ರೂಟ್ ಕೂಡ ಸ್ಟೋರ್‌ನಲ್ಲಿರಬೇಕು.

ದಾರಿಗಲ್ಲು: ‘ಎಲ್ಲವನ್ನೂ’ ಅಂತ ಯಾರು ಹೇಳಿದರು? ಲಿಂಕ್ ಹಂಚಿದಾಗ ಇನ್ನೊಬ್ಬರಿಗೂ ಅದೇ ಕಾಣಬೇಕಾದದ್ದು ಮಾತ್ರ ಯುಆರ್‌ಎಲ್‌ಗೆ. ಅರ್ಧ ತುಂಬಿದ ಫಾರ್ಮ್, ತೆರೆದ ಮೆನು ಅಲ್ಲಿಗೆ ಹೋಗಬಾರದು.

ಕೋಡ್‌ಗಾರ: ಹಾಗಾದರೆ ಮೋಡಲ್ (ಪುಟದ ಮೇಲೆ ತೆರೆಯುವ ಪೆಟ್ಟಿಗೆ)? ಮೊಬೈಲಿನಲ್ಲಿ ಬ್ಯಾಕ್ ಒತ್ತಿದರೆ ಮೋಡಲ್ ಮುಚ್ಚಬೇಕು ಅಂತ ಬಳಕೆದಾರರು ಬಯಸುತ್ತಾರೆ. ನೀವು ಬರೀ ಡೆಸ್ಕ್‌ಟಾಪ್ ನೋಡಿ ಮಾತಾಡ್ತಿದ್ದೀರಿ.

ದಾರಿಗಲ್ಲು: ಮೋಡಲ್‌ಗೆ ಹಿಸ್ಟರಿ ಎಂಟ್ರಿ ಕೊಡಬೇಡಿ ಅಂತ ನಾನು ಬರೆದಿಲ್ಲ. ಓದಿ ಮಾತಾಡಿ. ನಿಮ್ಮ ಟೈಮರ್ ಸಲಹೆ ತಪ್ಪು ಅಂತ ಆಗಲೇ ತಿಳಿದಿದೆ.

ಕೋಡ್‌ಗಾರ: ನನ್ನದಲ್ಲ, ಫಾರ್ವರ್ಡ್ ಅಂತ ಹೇಳಿದ್ದೆ.

ಮೇಡಂ: ಪರೀಕ್ಷಿಸದೆ ದಾಟಿಸಿದರೆ ಅದು ನಿಮ್ಮದೇ ಸಲಹೆ. ಅದೇ ಫಾರ್ವರ್ಡ್‌ನ ಕೊನೆಗೆ ‘ಪಾಪ್‌ಸ್ಟೇಟ್ (ಬ್ಯಾಕ್ ಒತ್ತಿದಾಗ ಬರುವ ಇವೆಂಟ್) ಬಂದಾಗ ಮತ್ತೆ ಪುಶ್ ಮಾಡಿ ಬ್ಯಾಕ್ ತಡೆಯಿರಿ’ ಅಂತಲೂ ಇದೆ. ಅದು ಬಳಕೆದಾರರನ್ನು ಪುಟದಲ್ಲಿ ಕೂಡಿಹಾಕುವ ಕೆಲಸ, ಮಾಡಬೇಡಿ. ಇನ್ನೊಂದು: ನೀವು ಪುಶ್ ಮಾಡಿದಾಗ ಪಾಪ್‌ಸ್ಟೇಟ್ ಬರುವುದೇ ಇಲ್ಲ, ಬ್ಯಾಕ್ ಮತ್ತು ಫಾರ್ವರ್ಡ್ ಒತ್ತಿದಾಗ ಬರುತ್ತೆ. ಲಾಗಿನ್ ಟೋಕನ್ (ಲಾಗಿನ್ ಆದ ಗುರುತು) ಅನ್ನು ಕ್ವೆರಿಗೆ ಹಾಕುವುದೂ ಬೇಡ. ಹಿಸ್ಟರಿಯಲ್ಲೂ ಸರ್ವರ್ ಲಾಗ್‌ನಲ್ಲೂ ಉಳಿಯುತ್ತೆ.

ಕಿಟಕಿ: ಬ್ಯಾಕ್ ಬಂದಾಗ ಪಟ್ಟಿ ಮೊದಲಿದ್ದ ಜಾಗಕ್ಕೇ ಸ್ಕ್ರಾಲ್ ಆಗುವುದಿಲ್ಲ. ಏನು ಮಾಡಲಿ?

ಹೊಸಬ: ಸರ್ವರ್ ಸರಿಯಾಯ್ತು, ಆದರೆ ಈಗ ಎಪಿಐ ಕೂಡ ಎಚ್‌ಟಿಎಂಎಲ್ ಕೊಡ್ತಿದೆ.

ದಾರಿಗಲ್ಲು: ಎಪಿಐ ಪಾತ್ ಹೊರಗಿಡಿ ಅಂತ ಮೇಡಂ ಬರೆದಿದ್ದರಲ್ಲ!

ಕಿಟಕಿ: ನನ್ನ ಸ್ಕ್ರಾಲ್ ಪ್ರಶ್ನೆ?

ರಾತ್ರಿಪಾಳಿ: ಎಫೆಕ್ಟ್ ಎರಡೂ ತೆಗೆದೆ, ಮಿಟುಕು ನಿಂತಿತು. ಪುಟಸಂಖ್ಯೆ 99 ಅಂತ ಕೊಟ್ಟರೆ ಕೊನೆಯ ಪುಟಕ್ಕೆ ಕಳಿಸುತ್ತಿದ್ದೇನೆ. ಅಲ್ಲಿಂದ ಬ್ಯಾಕ್ ಒತ್ತಿದರೆ 99ಕ್ಕೇ ಹೋಗಿ ಮತ್ತೆ ವಾಪಸ್ ಬರುತ್ತೆ.

ಮೇಡಂ: ತಿದ್ದುಪಡಿಗೆ ಪುಶ್ ಬಳಸಿದ್ದೀರಿ. ರಿಪ್ಲೇಸ್ ಮಾಡಿ.