ಸಹಾಯ ಬೇಕು: ಚೆಸ್‌ನ ಬುಡಾಪೆಸ್ಟ್ ಗ್ಯಾಂಬಿಟ್‌ನಲ್ಲಿ (ಕಾಲಾಳು ಬಲಿಕೊಟ್ಟು ಆಟ ಶುರು ಮಾಡುವ ಒಂದು ಓಪನಿಂಗ್) ಕೊಟ್ಟ ಕಾಲಾಳಿಗೆ ಬದಲು ಸಿಕ್ಕಿದ್ದೇನು?

ಎಲ್ಲರಿಗೂ ನಮಸ್ಕಾರ. 1918ರ ಬರ್ಲಿನ್ ಟೂರ್ನಿಯ ರೂಬಿನ್‌ಸ್ಟೈನ್–ವಿದ್ಮರ್ ಆಟವನ್ನು ಮಗಳ ಜೊತೆ ಬೋರ್ಡ್ ಮೇಲೆ ಆಡಿ ನೋಡುತ್ತಿದ್ದೇನೆ. ಕಪ್ಪು ಕಾಯಿಯ ವಿದ್ಮರ್ ಎರಡನೇ ನಡೆಗೇ ಇ5 ಮನೆಗೆ ನಡೆಸಿ ಕಾಲಾಳು ಕೊಟ್ಟು, 24 ನಡೆಗಳಲ್ಲಿ ಗೆದ್ದರು. ಅದೂ ಆ ಕಾಲದ ಅತಿ ಬಲಿಷ್ಠ ಆಟಗಾರರಲ್ಲಿ ಒಬ್ಬರಾದ ರೂಬಿನ್‌ಸ್ಟೈನ್ ಎದುರು! ಎಷ್ಟು ಸಲ ನೋಡಿದರೂ ಮೈ ಜುಂ ಅನ್ನುತ್ತದೆ.

ನಾವು ಸಿಕ್ಕಿಕೊಂಡಿರುವುದು ಒಂಬತ್ತನೇ ನಡೆಯಲ್ಲಿ. ಬಿಳಿಯ ಮಂತ್ರಿ ಡಿ5ರಲ್ಲಿ ಕೂತು ಇ5ರಲ್ಲಿರುವ ತನ್ನ ಕಾಲಾಳನ್ನು ಕಾಯುತ್ತಿದೆ. ಸಿ ಸಾಲಿನಲ್ಲಿ ಬಿಳಿಯ ಎರಡು ಕಾಲಾಳುಗಳು ಒಂದರ ಹಿಂದೊಂದು ನಿಂತಿವೆ. ಎಂಟನೇ ನಡೆಗೆ ತಮ್ಮ ಮಂತ್ರಿಯನ್ನು ಎ3ಕ್ಕೆ ತಂದಿದ್ದ ವಿದ್ಮರ್ ಆಗ ಕಾಲಾಳನ್ನು ಎಫ್6ಕ್ಕೆ ನಡೆಸುತ್ತಾರೆ. ಕೊಟ್ಟ ಕಾಲಾಳು ತಕ್ಷಣ ವಾಪಸ್ ಸಿಗುವುದಿಲ್ಲ. ಆನೆಗೆ ಎಫ್ ಸಾಲು ತೆರೆಯಿತು ಅನ್ನುವುದಷ್ಟೇ ನಮಗೆ ಅರ್ಥವಾಯಿತು. ಮಂತ್ರಿಯನ್ನು ಎ3ಕ್ಕೆ ತರುವ ಮೊದಲೇ ಎಫ್6 ಆಡುವುದು ಇನ್ನೂ ಒಳ್ಳೆಯದಲ್ವಾ?

ಈ ಓಪನಿಂಗ್ ಆಡುವವರು ದಯವಿಟ್ಟು ತಿಳಿಸಿ. ಭಾನುವಾರ ಮಗಳಿಗೆ ಟೂರ್ನಿ ಇದೆ, ಇದನ್ನೇ ಆಡ್ತೀನಿ ಅಂತ ಹಟ ಹಿಡಿದಿದ್ದಾಳೆ.